ನೀನು ಹೇಳಿದ್ದನ್ನ ಅವರು ಕೇಳ್ತಾರಾ?

ಊರಿಗೆ ಫೋನ್ ಮಾಡಿದಾಗ ಅತ್ತೆಯಿಂದ ಹಿಡಿದು ಹಳೆಯ ಸಹಪಾಠಿಗಳವರೆಗೆ ಎಲ್ಲರೂ ಕೇಳುವುದು ಇದನ್ನೇ: "ಆಸ್ಟ್ರೇಲಿಯಾದ ಮೂಲನಿವಾಸಿಗಳ ಊರಲ್ಲಿ ನರ್ಸ್ ಆಗಿದ್ದೀಯಲ್ಲ, ಆರೋಗ್ಯದ ಬಗ್ಗೆ ನೀನು ಹೇಳಿದ್ದನ್ನ ಅವರು ಕೇಳ್ತಾರಾ?"

ಕೇಳುತ್ತಾರೆ. ಆದರೆ ನಂಬಿಕೆ ಬರಲು ಸಮಯ ಬೇಕು. ಇಲ್ಲಿ ಸರ್ಕಾರವೇ ಮೂಲನಿವಾಸಿ ತಾಯಂದಿರಿಂದ ಮಕ್ಕಳನ್ನು ಕಿತ್ತುಕೊಂಡು ಹೋಗುತ್ತಿದ್ದುದು 1970ರ ಆಸುಪಾಸಿನವರೆಗೂ ನಡೆದಿತ್ತು. ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ. ಯೂನಿಫಾರ್ಮ್ ತೊಟ್ಟವರನ್ನು ಅಜ್ಜಿಯರು ಅನುಮಾನದಿಂದ ನೋಡಿದರೆ ಅದು ಅವರು ಅನುಭವಿಸಿ ಕಲಿತದ್ದು.

ನಾನಿರುವ ನಾರ್ದರ್ನ್ ಟೆರಿಟರಿಯಲ್ಲಿ ನನ್ನ ಹೆಚ್ಚಿನ ಮಾತು ರುಮ್ಯಾಟಿಕ್ ಹೃದ್ರೋಗದ ಸುತ್ತ. ಗಂಟಲು ನೋವಾಗಿ ಶುರುವಾಗುವ ಸ್ಟ್ರೆಪ್ ಎಂಬ ಬ್ಯಾಕ್ಟೀರಿಯಾದ ಸೋಂಕು ರುಮ್ಯಾಟಿಕ್ ಜ್ವರ ತಂದು, ಕೊನೆಗೆ ಹೃದಯದ ಕವಾಟ (ವಾಲ್ವ್) ಹಾಳುಮಾಡಬಹುದು. ಜಯದೇವ ಆಸ್ಪತ್ರೆಯಲ್ಲಿ ವಾಲ್ವ್ ಆಪರೇಷನ್ ಆದವರನ್ನು ಕಂಡ ನಮ್ಮವರಿಗೆ ಇದು ಹೊಸದಲ್ಲ. ಆಸ್ಟ್ರೇಲಿಯಾದ ಉಳಿದವರಲ್ಲಿ ಅಪರೂಪವಾಗಿರುವ ಈ ಕಾಯಿಲೆ ಮೂಲನಿವಾಸಿ ಮಕ್ಕಳನ್ನು ಇನ್ನೂ ಬಿಟ್ಟಿಲ್ಲ.

ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ 28 ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ ಬೇಕು, ವರ್ಷಗಟ್ಟಲೆ. ಔಷಧಿ ತುಂಬ ಮಂದ, ಚುಚ್ಚಿದರೆ ಚೆನ್ನಾಗಿ ನೋಯುತ್ತದೆ. ಫ್ರಿಜ್ಜಿನಿಂದ ತೆಗೆದ ಸಿರಿಂಜನ್ನು ಅಂಗೈಗಳ ನಡುವೆ ಹೊರಳಿಸಿ ತಣುಪು ಬಿಡಿಸುತ್ತೇನೆ, ಚುಚ್ಚುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿಹಿಡಿಯುತ್ತೇನೆ, ಆಮೇಲೆ ನಿಧಾನವಾಗಿ, ಎರಡು ಮೂರು ನಿಮಿಷ ತೆಗೆದುಕೊಂಡು ಕೊಡುತ್ತೇನೆ. ಆ ನಿಮಿಷಗಳಲ್ಲಿ ನಾನು ಅವಸರ ಮಾಡಿದರೆ ಮುಂದಿನ ತಿಂಗಳು ಮಗು ಬರುವುದಿಲ್ಲ. ಗೋಡೆಯ ಪೋಸ್ಟರಿಗಿಂತ ಇದೇ ದೊಡ್ಡ ಪಾಠವೆಂದು ನನ್ನ ಅಭಿಪ್ರಾಯ.

ಯಾಕೆ ಬೇಕು ಈ ಸೂಜಿ ಎಂದು ವಿವರಿಸುವವರು ನಮ್ಮ ಅಬೊರಿಜಿನಲ್ ಹೆಲ್ತ್ ಪ್ರಾಕ್ಟಿಷನರ್. ಅದೇ ಊರಿನವರು, ಓದಿ ತರಬೇತಿ ಪಡೆದು ನೋಂದಣಿಯಾದವರು. ಇಂಗ್ಲಿಷ್ ಇಲ್ಲಿ ಹಲವರಿಗೆ ಮೂರನೆಯದೋ ನಾಲ್ಕನೆಯದೋ ಭಾಷೆ. ಹೃದಯದ ಮಾದರಿ ಕೈಯಲ್ಲಿ ಹಿಡಿದು ಅವರು ತಮ್ಮ ಮಾತಿನಲ್ಲೇ ಅಜ್ಜಿಗೆ, ಚಿಕ್ಕಮ್ಮಂದಿರಿಗೆ ತೋರಿಸುತ್ತಾರೆ. ಮಗು ಇವರೆಲ್ಲರ ಜವಾಬ್ದಾರಿ. ಹೆಂಗಸರ ವಿಷಯ ಗಂಡಸರೆದುರು ಎತ್ತುವಂತಿಲ್ಲ, ಕೆಲವು ನೆಂಟರು ಪರಸ್ಪರ ಮಾತಾಡುವಂತಿಲ್ಲ. ಯಾರನ್ನು ಯಾರ ಜೊತೆ ಕೂರಿಸಬೇಕೆಂದು ನಾನು ಆ ಪ್ರಾಕ್ಟಿಷನರನ್ನು ಕೇಳಿಯೇ ಮುಂದುವರಿಯುತ್ತೇನೆ.

ಸ್ಟ್ರೆಪ್ ಚರ್ಮದ ಹುಣ್ಣುಗಳಲ್ಲೂ ಇರುತ್ತದೆ, ಅದಕ್ಕೇ "ಮಕ್ಕಳಿಗೆ ದಿನಾ ಸ್ನಾನ ಮಾಡಿಸಿ, ಹುಣ್ಣು ತೊಳೆಯಿರಿ" ಎಂಬ ಉಪದೇಶ. ನಲ್ಲಿ ಕೆಟ್ಟು, ಬಿಸಿನೀರಿಲ್ಲದೆ, ಒಂದೇ ಮನೆಯಲ್ಲಿ ಮೂರು ಸಂಸಾರ ಇರುವಾಗ ಅದನ್ನು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಅಂಥ ಮನೆಗೆ ಹೋಗಿ ಬಂದ ದಿನ ವಸತಿ ಕಚೇರಿಗೆ ದೂರು ಬರೆಯುತ್ತೇನೆ, ಪ್ಲಂಬರ್ ಬರುವವರೆಗೂ ಫೋನ್ ಮಾಡುತ್ತಲೇ ಇರುತ್ತೇನೆ. ಸ್ನಾನದ ಮಾತು ಆಮೇಲೆ.