ಮಗಳು ಮನೆಗೆ ಬಂದಳು, ಚಿಕಿತ್ಸೆಯೂ ಜೊತೆಗೇ ಬಂತು

ನೋಡಲು ಬರ್ತೀವಿ ಅಂತ ದಿನಾ ಯಾರಾದರೂ ಫೋನ್ ಮಾಡುತ್ತಾರೆ. ಎಲ್ಲರಿಗೂ ಬಿಡಿಸಿ ಹೇಳಲು ಆಗುತ್ತಿಲ್ಲ. ಹೇಳಿದರೂ ಅರ್ಧ ಬಿಟ್ಟುಹೋಗುತ್ತದೆ. ಹಾಗಾಗಿ ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ಕೇಳುವುದು, "ಪೂರ್ತಿ ಗುಣ ಆಯ್ತಲ್ವಾ?" ಅಂತ. ಮನೆಗೆ ಕಳಿಸಿದ್ದಾರೆ ಅಂದಮೇಲೆ ಎಲ್ಲ ಮುಗಿದಿದೆ ಅಂತಲೇ ಎಲ್ಲರ ಲೆಕ್ಕ. ಮಗಳಿಗೆ ಬಂದದ್ದು ಎ.ಎಲ್.ಎಲ್., ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದೇ ಜಾಸ್ತಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮೊದಲ ಹಂತದ ಚಿಕಿತ್ಸೆ ಮುಗಿದಾಗಲೇ ಅವಳ ಮಜ್ಜೆಯಲ್ಲಿ ಕ್ಯಾನ್ಸರ್ ಕಣ ಕಾಣಲಿಲ್ಲ. ಆದರೆ ಕಣ್ಣಿಗೆ ಬೀಳದ ಕಣಗಳು ಎಲ್ಲೋ ಉಳಿದಿರುತ್ತವೆ. ಅಲ್ಲಿಗೇ ನಿಲ್ಲಿಸಿದರೆ ಕಾಯಿಲೆ ಮರಳಿ ಬರುತ್ತದೆ. ಅದಕ್ಕೇ ಆಮೇಲೂ ತಿಂಗಳುಗಟ್ಟಲೆ ಜೋರು ಔಷಧಿ, ಬೆನ್ನಿಗೆ ಇಂಜೆಕ್ಷನ್, ರಕ್ತ, ಪ್ಲೇಟ್‌ಲೆಟ್. ಆ ಭಾಗ ಮುಗಿಯಿತು. ಈಗ ಶುರುವಾಗಿರುವುದಕ್ಕೆ ಮೇಂಟೆನೆನ್ಸ್ ಅಂತಾರೆ. ಸುಮಾರು ಎರಡು ವರ್ಷ. ಈ ಎರಡು ವರ್ಷ ಹೆಚ್ಚಿನ ದಿನ ಔಷಧಿ ಕೊಡುವವಳು ನಾನು.

ಆಸ್ಪತ್ರೆಯಲ್ಲಿದ್ದಾಗ ನನಗೆ ಇಷ್ಟು ಭಯ ಆಗಿರಲಿಲ್ಲ. ನಿಜವಾಗಿ. ಮಗು ನಡುಗಿದರೆ ಸಿಸ್ಟರ್ ಅನ್ನುವಷ್ಟರಲ್ಲಿ ಯಾರಾದರೂ ಬರುತ್ತಿದ್ದರು. ಪಕ್ಕದ ಮಂಚದ ಕಲಬುರಗಿಯ ತಾಯಿ ತನ್ನ ಮಗನನ್ನು ಮಲಗಿಸಿ ನನ್ನ ಜೊತೆ ಎಚ್ಚರ ಕೂರುತ್ತಿದ್ದಳು. ಇಲ್ಲಿ ನಮ್ಮ ಮನೆಯಿಂದ ಸಾಗರ ಪೇಟೆಗೆ ಹೋಗಬೇಕು, ಅಲ್ಲಿಂದ ಶಿವಮೊಗ್ಗ ಮತ್ತೆ ಎಪ್ಪತ್ತು ಕಿಲೋಮೀಟರ್. ಮನೆಗೆ ಬಂದ ಮೊದಲ ರಾತ್ರಿ ಎಲ್ಲರೂ ಸುಖವಾಗಿ ಮಲಗಿದರು. ನಾನು ಮಾತ್ರ ಗಳಿಗೆಗೊಮ್ಮೆ ಎದ್ದು ಅವಳ ಹಣೆ ಮುಟ್ಟಿ ನೋಡುತ್ತಿದ್ದೆ.

ಬಂದ ದಿನ ಅತ್ತೆ ಬಾಗಿಲಲ್ಲೇ ನಿಲ್ಲಿಸಿ ಆರತಿ ಮಾಡಲು ಹೊರಟರು. ತಟ್ಟೆಯಲ್ಲಿ ಅರಿಶಿನ ಸುಣ್ಣ ಕದಡಿದ ಕೆಂಪು ನೀರು. ಅದನ್ನು ನೋಡಿದ್ದೇ ಮಗಳು ನನ್ನ ಸೀರೆ ಹಿಡಿದು ಹಿಂದೆ ಸರಿದಳು. "ಕೆಂಪು ಔಷಧಿ ಬೇಡ ಅಜ್ಜಿ, ವಾಂತಿ ಬರ್ತದೆ." ಡ್ರಿಪ್ಪಿನಲ್ಲಿ ಅವಳಿಗೆ ಒಂದು ಕೆಂಪು ಔಷಧಿ ಕೊಡುತ್ತಿದ್ದರು. ಅದು ಹೋದ ಮೇಲೆ ಮೂತ್ರವೂ ಕೆಂಪಗಾಗುತ್ತದೆ. ವಾರ್ಡಿನ ಎಲ್ಲ ಮಕ್ಕಳಿಗೂ ಆ ಬಣ್ಣ ಕಂಡರೆ ಆಗುತ್ತಿರಲಿಲ್ಲ. ಅತ್ತೆಗೆ ಇದೆಲ್ಲ ಎಲ್ಲಿ ಗೊತ್ತು? ಆದರೂ ಒಂದು ಮಾತೂ ಕೇಳದೆ ತಟ್ಟೆಯನ್ನು ತುಳಸಿಕಟ್ಟೆ ಹತ್ತಿರ ಚೆಲ್ಲಿ, ಬರೀ ದೀಪ ಹಚ್ಚಿಕೊಂಡು ಬಂದರು. ಎಪ್ಪತ್ತು ದಾಟಿದ ಅವರು ಶಾಸ್ತ್ರವನ್ನು ಅಷ್ಟು ಸುಲಭವಾಗಿ ಬಿಟ್ಟದ್ದನ್ನು ನಾನು ಈವರೆಗೆ ಕಂಡಿರಲಿಲ್ಲ.

ಮಗ ಮೂರನೇ ಕ್ಲಾಸು. ನಾವು ಬೆಂಗಳೂರಿನಲ್ಲಿದ್ದಷ್ಟೂ ಕಾಲ ಅಜ್ಜಿಯ ಜೊತೆಗೇ ಇದ್ದ. ನನ್ನ ಹತ್ತಿರ ಓಡಿಬರುತ್ತಾನೆ ಅಂದುಕೊಂಡಿದ್ದೆ. ಕಂಬದ ಹತ್ತಿರ ನಿಂತು, "ನೀನು ಯಾವಾಗ ವಾಪಸ್ ಹೋಗೋದು?" ಅಂತ ಕೇಳಿದ. ತಂಗಿಯ ಕಾಯಿಲೆ ಬಗ್ಗೆ ಎಲ್ಲರೂ ಕೇಳಿದರು, ಅವನು ಊಟ ಮಾಡಿದನಾ ಅಂತ ಕೇಳಿದವರು ಕಡಿಮೆ. ಬರುವವರು ದಯವಿಟ್ಟು ಅವನನ್ನೂ ಮಾತಾಡಿಸಿ.

ಈಗ ಔಷಧಿಯ ವಿಷಯ. ಇದೇ ಹಾದಿಯಲ್ಲಿರುವ ಬೇರೆ ಅಪ್ಪ ಅಮ್ಮಂದಿರು ಓದಬಹುದು ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮರ್ಕ್ಯಾಪ್ಟೋಪ್ಯೂರಿನ್ ದಿನಾ ರಾತ್ರಿ, ಒಂದೇ ಹೊತ್ತಿಗೆ. ನಮಗೆ ಹಾಲಿನ ಜೊತೆ ಬೇಡ ಅಂದಿದ್ದಾರೆ. ಕೆಲವು ದಿನ ಇಡೀ ಮಾತ್ರೆ, ಕೆಲವು ದಿನ ಅರ್ಧ. ಅರ್ಧ ಮಾಡುವಾಗ ಕೈಗವಸು ಹಾಕಿಕೊಳ್ಳುತ್ತೇನೆ. ಚಾಕು ಬೇರೆ, ಅದನ್ನಿಡುವ ಡಬ್ಬಿ ಬೇರೆ, ಅಡುಗೆ ಮನೆಗೆ ಅದು ಬರುವುದಿಲ್ಲ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಇದನ್ನು ಮರೆತು ದಿನಾ ಕೊಟ್ಟರೆ ಜೀವಕ್ಕೇ ಅಪಾಯ. ಅದಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಬುಧವಾರಕ್ಕೆ ಮಾತ್ರ ಹಸಿರು ಸುತ್ತು ಹಾಕಿದ್ದೇವೆ. ಕೊಟ್ಟ ಮೇಲೆ ಮಗನೇ ಅದಕ್ಕೆ ಗೀಟು ಎಳೆಯುತ್ತಾನೆ. ಅದು ಅವನ ಕೆಲಸ, ಬೇರೆಯವರು ಮುಟ್ಟುವ ಹಾಗಿಲ್ಲ.

ಜ್ವರ 100.4 ದಾಟಿದರೆ ಪ್ಯಾರಾಸಿಟಮಾಲ್ ಹಾಕಿ ಬೆಳಗಿನವರೆಗೆ ನೋಡೋಣ ಅನ್ನುವ ಮಾತೇ ಇಲ್ಲ. ಫೋನ್ ಮಾಡಬೇಕು, ಹೊರಡಬೇಕು. ಬಿಳಿ ರಕ್ತಕಣ ಕಡಿಮೆ ಇರುವ ಮಗುವಿಗೆ ಸೋಂಕು ಕೆಲವೇ ಗಂಟೆಯಲ್ಲಿ ರಕ್ತಕ್ಕೆ ಏರಬಹುದು. ರಕ್ತ ಪರೀಕ್ಷೆಯ ಚೀಟಿ ಬಂದ ಕೂಡಲೇ ನಾನು ಮಾಡುವ ಲೆಕ್ಕ ಒಂದೇ. ಒಟ್ಟು ಬಿಳಿ ಕಣ 2,400 ಇದ್ದು, ಅದರಲ್ಲಿ ಸೋಂಕಿನ ಜೊತೆ ಹೋರಾಡುವ ನ್ಯೂಟ್ರೋಫಿಲ್ ಶೇಕಡಾ 40 ಅಂದರೆ 960. ಇದು 500ಕ್ಕಿಂತ ಕೆಳಗೆ ಇಳಿದರೆ ಮನೆಯಲ್ಲಿ ಎಲ್ಲವೂ ಬಿಗಿಯಾಗುತ್ತದೆ.

ಬಂದು ತಿಂಗಳು ತುಂಬುವುದರೊಳಗೆ ಒಂದು ರಾತ್ರಿ ಜ್ವರ ಬಂದೇಬಿಟ್ಟಿತು. ಚೀಲ ಕಟ್ಟಿಯೇ ಇಟ್ಟಿದ್ದೆವು: ಫೈಲು, ಎರಡು ಜೊತೆ ಬಟ್ಟೆ, ಫ್ಲಾಸ್ಕು, ಅವಳ ಹೊದಿಕೆ. ಕೆಳಗಿನ ಮನೆಯ ಅಣ್ಣ ಲುಂಗಿಯಲ್ಲೇ ಓಮ್ನಿ ತೆಗೆದ. ಶಿವಮೊಗ್ಗದಲ್ಲಿ ಕೂಡಲೇ ಸೋಂಕು ಪತ್ತೆಗೆ ರಕ್ತದ ಕಲ್ಚರ್ ತೆಗೆದು ನರಕ್ಕೆ ಆಂಟಿಬಯೋಟಿಕ್ ಹಾಕಿದರು. ಜ್ವರ ಇಳಿಯಿತು. ಕೆಲವು ದಿನ ಇಟ್ಟುಕೊಂಡು ಕಳಿಸಿದರು. ವಿಚಿತ್ರ ಅಂದರೆ, ಅದಾದ ಮೇಲೆ ನನಗೆ ನಿದ್ದೆ ಬರತೊಡಗಿತು. ಬಂದರೆ ಏನು ಮಾಡಬೇಕು ಅಂತ ಕೈಗೆ ಗೊತ್ತಾಯಿತು.

ನಾವು ಬಂದಾಗ ಕೊನೆ (ಅಡಿಕೆ ಗೊನೆ) ಕೊಯ್ಲು ಶುರುವಾಗಿತ್ತು. ನಮ್ಮ ಕಡೆಯವರಿಗೆ ಗೊತ್ತೇ ಇದೆ, ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಹತ್ತು ಹನ್ನೆರಡು ಜನ ಅಂಗಳದಲ್ಲಿ ಕೂರುತ್ತಾರೆ. ಮಾತು, ನಗು, ಚಹಾ, ಜೊತೆಗೆ ಕೆಮ್ಮು ಶೀತ. ಹೇಗೆ ಬೇಡ ಅನ್ನುವುದು ಅಂತ ಇವರು ಒದ್ದಾಡುತ್ತಿದ್ದರು. ಕೆಳಗಿನ ಮನೆಯ ಅಕ್ಕನೇ ಬಂದು, "ಈ ವರ್ಷ ನಿಮ್ಮ ಅಡಿಕೆನೂ ನಮ್ಮ ಅಂಗಳದಲ್ಲೇ ಸುಲಿಯೋದು. ಕೊನೆ ತಂದು ಹಾಕಿ ಸಾಕು" ಅಂದಳು. ನಮ್ಮ ಮನೆಯ ಇಡೀ ವರ್ಷದ ದುಡಿಮೆ ಅದು. ಅವಳ ಋಣ ನಾನು ಹೇಗೆ ತೀರಿಸಲಿ?

ಇನ್ನೊಂದು ಹೆದರಿಕೆ ಇಲ್ಲಿಯದೇ. ಬೆಂಗಳೂರಿನಲ್ಲಿ ಕೊಟ್ಟ ಎಚ್ಚರಿಕೆಯ ಹಾಳೆಯಲ್ಲಿ ಮಂಗನ ಕಾಯಿಲೆ ಇರಲಿಲ್ಲ, ಇರುವುದಾದರೂ ಹೇಗೆ? ಆದರೆ ನಾವಿರುವುದು ಸಾಗರ ತಾಲ್ಲೂಕು. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. 2019ರಲ್ಲಿ ಅರಳಗೋಡಿನಲ್ಲಿ ಆದ ಸಾವುಗಳನ್ನು ನಾವ್ಯಾರೂ ಮರೆತಿಲ್ಲ. ಹರಡುವುದು ಉಣುಗು (ಉಣ್ಣಿ), ಚಳಿಗಾಲದಿಂದ ಮಳೆ ಬೀಳುವವರೆಗೆ ಅದರ ಕಾಟ. ನಾನೇ ಫೋನ್ ಮಾಡಿ ವೈದ್ಯರಿಗೆ ತಿಳಿಸಿದೆ. ಈ ವರ್ಷ ಕೊಟ್ಟಿಗೆಗೆ ಬೆಟ್ಟದ ದರಕು (ಒಣ ಎಲೆ) ತರುವುದನ್ನು ನಿಲ್ಲಿಸಿದ್ದೇವೆ, ಹುಲ್ಲೇ ಹಾಸುತ್ತೇವೆ. ಇವರು ಕಾಡಿನ ಅಂಚಿಗೆ ಹೋಗುವಾಗ ಆಶಾ ಕಾರ್ಯಕರ್ತೆ ಕೊಟ್ಟ, ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚುತ್ತಾರೆ. ಬಂದವರು ಬಚ್ಚಲಿಗೇ ಹೋಗಿ ಬಿಸಿನೀರು ಸ್ನಾನ ಮಾಡಿ, ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ ಒಳಗೆ ಬರುತ್ತಾರೆ. ಮಗಳಿಗೆ ಕೊಟ್ಟಿಗೆ ನಿಷಿದ್ಧ. ಹೊಸ ಕರುವನ್ನು ಜಗುಲಿಯಿಂದಲೇ ಕೂಗಿ ಮಾತಾಡಿಸುತ್ತಾಳೆ.

ಊಟದಲ್ಲೂ ಹಸಿಯದ್ದು ಏನೂ ಇಲ್ಲ. ಹಸಿ ಸೊಪ್ಪು, ಕೋಸಂಬರಿ, ಹೊರಗಿನ ತಿಂಡಿ ಬೇಡ. ವಾರ್ಡಿನಲ್ಲಿ ಸ್ಟೀರಾಯ್ಡ್ ಕೊಡುತ್ತಿದ್ದ ದಿನಗಳಲ್ಲಿ ಅವಳಿಗೆ ವಿಪರೀತ ಹಸಿವು. ರಾತ್ರಿ ಎರಡಕ್ಕೆ ಎದ್ದು ತಂಬುಳಿ ಅನ್ನ ಕೇಳುತ್ತಿದ್ದಳು. ಎಲ್ಲಿಂದ ತರಲಿ? ಮನೆಗೆ ಬಂದು ಮತ್ತೆ ಕೇಳಿದಳು. ಒಂದೆಲಗದ್ದು ಆಗಲ್ಲ, ಅದು ಹಸಿಯಾಗಿಯೇ ಅರೆಯುವುದು ಅಂದೆ. ಅತ್ತೆ ಯೋಚಿಸಿದರು. "ದೊಡ್ಡಪತ್ರೆಯದು ಹುರಿದೇ ಮಾಡೋದಲ್ವಾ?" ಎಲೆ ತೊಳೆದು, ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಎಲೆ ಪೂರ್ತಿ ಬಾಡಿ ಬಣ್ಣ ತಿರುಗುವವರೆಗೆ ಹುರಿದರು. ಆಗಷ್ಟೇ ಒಡೆದ ಕಾಯಿಯ ತುರಿಯನ್ನೂ ಬಾಣಲೆಗೇ ಹಾಕಿ ಬಿಸಿಮಾಡಿದರು. ನುಣ್ಣಗೆ ಅರೆದು, ಮನೆಯ ಹಾಲು ಕಾಯಿಸಿ ಹೆಪ್ಪು ಹಾಕಿದ ಮೊಸರು ಕಡೆದು ಬೆರೆಸಿದರು. ಮಗಳು ಎರಡು ಸಲ ಬಡಿಸಿಕೊಂಡು ಉಂಡಳು. ನಾನು ಒಳಗೆ ಹೋಗಿ ಅತ್ತೆಯ ಕೈ ಹಿಡಿದುಕೊಂಡು ಅತ್ತುಬಿಟ್ಟೆ.

ಈಗ ನೋಡಲು ಬರುವವರಿಗೆ. ಬನ್ನಿ, ಖಂಡಿತ ಬನ್ನಿ. ಒಂದು ಸಲಕ್ಕೆ ಇಬ್ಬರು ಬಂದರೆ ಒಳ್ಳೆಯದು. ಶೀತ, ಕೆಮ್ಮು, ಹೊಟ್ಟೆ ಕೆಟ್ಟಿದ್ದರೆ ಆ ವಾರ ಬೇಡ. ಮನೆಯಲ್ಲೋ ಶಾಲೆಯಲ್ಲೋ ಯಾವ ಮಗುವಿಗಾದರೂ ಅಮ್ಮ (ಚಿಕನ್‌ಪಾಕ್ಸ್) ಎದ್ದಿದ್ದರೆ ಅಥವಾ ದಡಾರ ಆಗಿದ್ದರೆ ಬರಬೇಡಿ, ಬಂದು ಹೋದ ಮೇಲೆ ಗೊತ್ತಾದರೆ ಸಂಕೋಚ ಬಿಟ್ಟು ಅವತ್ತೇ ಹೇಳಿ. ಬೇಗ ಗೊತ್ತಾದರೆ ತಡೆಯಲು ಔಷಧಿ ಇದೆ. ಅವಳ ಬೋಳು ತಲೆ ನೋಡಿ ಅವಳೆದುರು ಅಯ್ಯೋ ಪಾಪ ಅನ್ನಬೇಡಿ. ಒಂದು ಔಷಧಿಯಿಂದ ಪಾದ ಸ್ವಲ್ಪ ಜೋತುಬಿದ್ದಿದೆ, ಮೆಟ್ಟಿಲು ಹತ್ತುವಾಗ ತಡವರಿಸುತ್ತಾಳೆ. ಎತ್ತಿಕೊಳ್ಳಬೇಡಿ, ಕಾಯಿರಿ, ಹತ್ತುತ್ತಾಳೆ.

ಏನು ತರಲಿ ಅಂತ ಕೇಳುವವರಿಗೆ: ಏನೂ ಬೇಡ. ಆರೋಗ್ಯ ಸರಿ ಇದ್ದವರು ಪೇಟೆಗೆ ಹೋದಾಗ ರಕ್ತ ಕೊಟ್ಟು ಬನ್ನಿ. ಪ್ಲೇಟ್‌ಲೆಟ್ಟನ್ನು ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ. ನನ್ನ ಮಗಳ ಮೈಯಲ್ಲಿ ಹೆಸರೂ ಗೊತ್ತಿಲ್ಲದ ಎಷ್ಟೋ ಕಾಲೇಜು ಹುಡುಗರ ಪ್ಲೇಟ್‌ಲೆಟ್ ಹರಿದಿದೆ.

ಮುಂದಿನ ಬೆನ್ನಿನ ಇಂಜೆಕ್ಷನ್ನಿಗೆ ಮತ್ತೆ ಬೆಂಗಳೂರು. ಕಣಗಳ ಲೆಕ್ಕ ಚೆನ್ನಾಗಿದ್ದರೆ ಈ ಸಲ ತಾಳಗುಪ್ಪ ರೈಲಿನಲ್ಲೇ ಹೋಗಬಹುದು ಅಂದಿದ್ದಾರೆ. ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಏಸಿಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವವರಿಗೆ ಮುಕ್ಕಾಲು ಭಾಗ ರಿಯಾಯಿತಿ. ಆಸ್ಪತ್ರೆಯಿಂದ ಫಾರ್ಮ್ ತುಂಬಿಸಿಕೊಂಡು ಬರುವುದನ್ನು ಮರೆಯಬೇಡಿ. ಮಗಳಿಗೆ ರೈಲಿಗಿಂತ ದೊಡ್ಡ ಚಿಂತೆ ಇನ್ನೊಂದಿದೆ. ಕಲಬುರಗಿಯ ಹುಡುಗ ಇನ್ನೂ ವಾರ್ಡಿನಲ್ಲೇ ಇದ್ದಾನೆ, ಅವನಮ್ಮನಿಗೆ ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕೊಡಬೇಕಂತೆ. ಅತ್ತೆ ಭರಣಿಯಿಂದ ತೆಗೆದಿಟ್ಟಾಗಿದೆ. ಸೋರದ ಬಾಟಲಿ ಒಂದು ಹುಡುಕಬೇಕು.