ಸ್ನಾನ ಆದ ಮೇಲೆ ಕೂಸಿಗೆ ಬಟ್ಟೆ ಸುತ್ತಬೇಕಾ, ಬೇಡವಾ?

"ಸಿಸ್ಟರ್, ನೀರು ಹಾಕುವಾಗ ಸುಮ್ಮನೆ ಇರುತ್ತೆ. ಎತ್ತಿದ ತಕ್ಷಣ ಕಿರುಚೋಕೆ ಶುರು ಮಾಡುತ್ತೆ. ಬಟ್ಟೆ ಸುತ್ತಿ ಮಲಗಿಸು ಅಂತಾರೆ ಅತ್ತೆ. ಸುತ್ತಲೇಬಾರದು ಅಂತ ಫೋನಲ್ಲಿ ಓದಿದೆ. ಏನು ಮಾಡಲಿ?"

ಬಾಣಂತಿಯರ ವಾರ್ಡಿನಲ್ಲಿ ಕೆಲಸ ಮಾಡುವ ನನಗೆ ಈ ಪ್ರಶ್ನೆ ಬರದ ವಾರವೇ ಇಲ್ಲ. ಡಿಸ್ಚಾರ್ಜ್ ಆಗಿ ತವರಿಗೆ ಹೋದವರೂ ಫೋನ್ ಮಾಡಿ ಕೇಳುತ್ತಾರೆ. ಒಂದೇ ಮಾತಲ್ಲಿ ಹೇಳುವುದಾದರೆ: ಸುತ್ತಿ, ಅತ್ತೆಯವರು ಹೇಳುವುದು ಸರಿ. ಆದರೆ ಮೊದಲು ಮೈ ಪೂರ್ತಿ ಒಣಗಲಿ, ಸೊಂಟದಿಂದ ಕೆಳಗೆ ಬಟ್ಟೆ ಸಡಿಲವಾಗಿರಲಿ.

ಮಗು ಯಾಕೆ ಅಳುತ್ತದೆ ಅಂತ ಮೊದಲು ನೋಡೋಣ. ನಮ್ಮ ಕಡೆ ಕೂಸಿಗೆ ಎರೆಯುವ ರೀತಿ ನಿಮಗೆ ಗೊತ್ತೇ ಇದೆ. ಅಜ್ಜಿ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮೊಳಕಾಲ ಕೆಳಗೆ ಎರಡೂ ಕಾಲಿನ ನಡುವೆ ಮಗುವನ್ನು ಮಲಗಿಸಿಕೊಳ್ಳುತ್ತಾರೆ. ಎರಡು ಕಡೆಯೂ ಮೈ ತಾಗುತ್ತಿರುತ್ತದೆ, ಮೇಲಿಂದ ಬೆಚ್ಚಗಿನ ನೀರು ಬೀಳುತ್ತಿರುತ್ತದೆ. ಹೊಟ್ಟೆಯೊಳಗೆ ಮುದುಡಿಕೊಂಡಿದ್ದ ಕೂಸಿಗೆ ಅದು ಹಿತವಾಗಿರುತ್ತದೆ. ಅಲ್ಲಿಂದ ಎತ್ತಿದ ಕ್ಷಣ ಆಸರೆಯೂ ಹೋಯಿತು, ಬಿಸಿಯೂ ಹೋಯಿತು.

ಒದ್ದೆ ಮೈ ಆರುವಾಗ ಮೈಯ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ನಾವಾದರೆ ಗಡಗಡ ನಡುಗಿ ಬಿಸಿ ಮಾಡಿಕೊಳ್ಳುತ್ತೇವೆ. ಹಸುಗೂಸಿಗೆ ಹಾಗೆ ನಡುಗಲು ಬರುವುದಿಲ್ಲ. ಅದರ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ. ತಲೆಯೇ ಮೈಯುದ್ದದ ಕಾಲು ಭಾಗ. ಆ ತಲೆ ಒದ್ದೆಯಾಗಿದ್ದರೆ ಚಳಿ ಎಷ್ಟಾಗಬಹುದು ಯೋಚಿಸಿ.

ಇನ್ನೊಂದು ಕಾರಣ ಬೆಚ್ಚಿಬೀಳುವುದು. ಇದನ್ನು ಹತ್ತಿರದಿಂದ ನೋಡಿ. ಮಗುವನ್ನು ಮಲಗಿಸಲು ಕೆಳಗಿಳಿಸುವಾಗ ತಲೆ ಒಂದಿಷ್ಟು ಹಿಂದಕ್ಕೆ ಹೋದರೂ ಸಾಕು, ಎರಡೂ ಕೈ ಪಕ್ಕಕ್ಕೆ ಚಾಚಿ, ಬೆರಳುಗಳನ್ನೆಲ್ಲ ಅಗಲಿಸಿ, ಆಮೇಲೆ ಏನನ್ನೋ ಅಪ್ಪಿಕೊಳ್ಳುವ ಹಾಗೆ ಕೈಗಳನ್ನು ಎದೆಗೆ ತಂದುಕೊಳ್ಳುತ್ತದೆ. ಅದರ ಬೆನ್ನಿಗೇ ಅಳು. ಅರ್ನ್ಸ್ಟ್ ಮೋರೋ ಎಂಬ ಮಕ್ಕಳ ವೈದ್ಯರು 1918ರಲ್ಲಿ ಇದನ್ನು ವಿವರಿಸಿದರು, ಅವರ ಹೆಸರೇ ಇದಕ್ಕೆ ಉಳಿದಿದೆ. ಆರೋಗ್ಯವಾಗಿ ಹುಟ್ಟಿದ ಎಲ್ಲ ಮಕ್ಕಳಲ್ಲೂ ಇದು ಇರುತ್ತದೆ. ಹಾಗಾಗಿ ದೃಷ್ಟಿ ತಗುಲಿತು, ಮಗು ಹೆದರಿದೆ ಅಂತ ಗಾಬರಿ ಆಗಬೇಡಿ. ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳ ಹೊತ್ತಿಗೆ ತಾನಾಗಿಯೇ ಹೋಗುತ್ತದೆ. ಅಲ್ಲಿಯವರೆಗೆ ತನ್ನ ಕೈ ಹಾರಿದ್ದಕ್ಕೆ ತಾನೇ ಬೆಚ್ಚಿ ಎಚ್ಚರಾಗುವ ಕೂಸಿಗೆ ಬಟ್ಟೆಯ ಹಿಡಿತ ನಿಜಕ್ಕೂ ನೆಮ್ಮದಿ ಕೊಡುತ್ತದೆ. ಅಜ್ಜಿಯಂದಿರು ಈ ಪದ್ಧತಿಯನ್ನು ಸುಮ್ನೆ ಇಟ್ಟುಕೊಂಡು ಬಂದದ್ದಲ್ಲ.

ಈಗ ಒರೆಸುವ ವಿಷಯ. ಜಾಸ್ತಿ ತೊಂದರೆ ಆಗುವುದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಬಚ್ಚಲಿಂದ ಎತ್ತಿಕೊಳ್ಳುವ ಟವೆಲ್ ನೀರೆಲ್ಲ ಹೀರಿ ಒದ್ದೆಯಾಗಿರುತ್ತದೆ. ಎಷ್ಟೋ ಮನೆಗಳಲ್ಲಿ ಅದೇ ಟವೆಲ್ಲಿನಲ್ಲಿ ಮಗುವನ್ನು ಸುತ್ತಿಕೊಂಡು ಪೌಡರ್ ಹುಡುಕುತ್ತಾರೆ, ಬೊಟ್ಟು ಇಡುತ್ತಾರೆ, ಕೂಗುವ ಮಗುವನ್ನು ಸಮಾಧಾನ ಮಾಡುತ್ತಾ ಕೂರುತ್ತಾರೆ. ಮಗು ಒದ್ದೆ ಬಟ್ಟೆಯಲ್ಲೇ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಆದ್ದರಿಂದ ಎರಡು ಟವೆಲ್ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಎತ್ತಿಕೊಂಡು, ತಲೆ ಮೈ ಒತ್ತಿ, ಅದನ್ನು ಆ ಕಡೆ ಹಾಕಿಬಿಡಿ. ಎರಡನೆಯ ಒಣ ಟವೆಲ್ಲಿನಲ್ಲಿ ಮತ್ತೆ ತಲೆಯಿಂದಲೇ ಶುರು ಮಾಡಿ. ತಿಕ್ಕಬೇಡಿ, ಒತ್ತಿ ಒತ್ತಿ ತೆಗೆಯಿರಿ. ಕತ್ತಿನ ಮಡಿಕೆಯನ್ನು ಬೆರಳಿಂದ ಬಿಡಿಸಿ ನೋಡಿ, ಹಾಲು ಇಳಿದು ಅಲ್ಲೇ ನಿಂತಿರುತ್ತದೆ. ಕಿವಿ ಹಿಂದೆ, ಕಂಕುಳು, ತೊಡೆ ಸಂದು, ಮುಚ್ಚಿದ ಮುಷ್ಟಿಯ ಒಳಗೆ ಕೂಡ ನೀರು ಉಳಿಯುತ್ತದೆ. ಹೊಕ್ಕುಳ ಬಳ್ಳಿ ಇನ್ನೂ ಬಿದ್ದಿಲ್ಲವಾದರೆ ಅದರ ಬುಡ ಒಣಗಿಯೇ ಇರಬೇಕು, ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೂ ಸಾಕು. ಕೋಣೆಯಲ್ಲಿ ಫ್ಯಾನ್ ಆರಿಸಿ, ಬಾಗಿಲು ಎಳೆದುಕೊಂಡು, ಬಟ್ಟೆಬರೆ ಎಲ್ಲ ಮೊದಲೇ ಹರವಿ ಇಟ್ಟುಕೊಂಡರೆ ಕೆಲಸ ಬೇಗ ಮುಗಿಯುತ್ತದೆ. ಪೌಡರ್ ಬೇಡವೇ ಬೇಡ, ಅದರ ಧೂಳು ಮಗುವಿನ ಉಸಿರಿಗೆ ಹೋಗುತ್ತದೆ.

ಸಾಂಬ್ರಾಣಿ ಬಗ್ಗೆಯೂ ಹೇಳಿಬಿಡುತ್ತೇನೆ. ಕೂದಲು ಒಣಗಲಿ, ನೆಗಡಿ ಆಗದಿರಲಿ ಅಂತ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಹಿಡಿಯುತ್ತಾರೆ. ಆ ಪರಿಮಳ ನನಗೂ ಇಷ್ಟ. ಆದರೆ ಯಾವ ಹೊಗೆಯಾದರೂ ಹಸುಗೂಸಿನ ಶ್ವಾಸಕೋಶಕ್ಕೆ ಕೆಟ್ಟದ್ದೇ. ದೇವರ ಮನೆಯಲ್ಲಿ ಹಾಕಿ, ಮಗುವಿನ ಕೋಣೆಯಲ್ಲಿ ಬೇಡ.

ಸುತ್ತಲು ಅಂಗಡಿಯಿಂದ ಏನೂ ತರಬೇಕಿಲ್ಲ. ಒಗೆದು ಒಗೆದು ಮೆತ್ತಗಾದ ಹತ್ತಿಯ ಪಂಚೆಯನ್ನು ಅರ್ಧಕ್ಕೆ ಹರಿದರೆ ಸುಮಾರು ಒಂದು ಮೀಟರ್ ಚೌಕದ ಬಟ್ಟೆ ಸಿಗುತ್ತದೆ. ಹಳೇ ಹತ್ತಿ ಸೀರೆಯೂ ಆಗುತ್ತದೆ. ಒಗೆದು ಬಿಸಿಲಲ್ಲಿ ಒಣಗಿಸಿ. ಬಟ್ಟೆಯನ್ನು ಒಂದು ಮೂಲೆ ಮೇಲೆ ಬರುವಂತೆ ಹಾಸಿ, ಆ ಮೂಲೆಯನ್ನು ಒಳಕ್ಕೆ ಮಡಚಿ. ಮಡಿಕೆಯ ಅಂಚಿಗೆ ಮಗುವಿನ ಭುಜ ಬರಲಿ, ತಲೆ ಹೊರಗಿರಲಿ. ಕೈಗಳನ್ನು ಮೆಲ್ಲಗೆ ಎದೆಯ ಮೇಲೆ ತಂದು, ಒಂದು ಬದಿಯ ಅಂಚನ್ನು ಎಳೆದು ಇನ್ನೊಂದು ಪಕ್ಕದ ಬೆನ್ನಡಿ ಸಿಕ್ಕಿಸಿ. ಇನ್ನೊಂದು ಬದಿಯನ್ನೂ ಹಾಗೇ ಮಾಡಿ. ಎದೆಗೂ ಬಟ್ಟೆಗೂ ನಡುವೆ ನಿಮ್ಮ ಎರಡು ಬೆರಳು ಸಲೀಸಾಗಿ ಹೋಗಬೇಕು. ಕೆಳಗಿನ ಮೂಲೆಯನ್ನು ಸುಮ್ನೆ ಮೇಲಕ್ಕೆ ಮಡಚಿ ಬಿಡಿ, ಕಟ್ಟಬೇಡಿ. ಒಳಗೆ ಮಗು ಕಪ್ಪೆಯ ಹಾಗೆ ಮೊಣಕಾಲು ಮಡಚಿ ತೊಡೆ ಅಗಲಿಸಿ ಇಟ್ಟುಕೊಳ್ಳಲು ಜಾಗ ಇರಬೇಕು.

ಮನೆಗಳಲ್ಲಿ ವಾದ ಹುಟ್ಟುವುದು ಇಲ್ಲೇ. "ಕಾಲು ಸೊಟ್ಟ ಆಗುತ್ತೆ, ನೆಟ್ಟಗೆ ಎಳೆದು ಕಟ್ಟಿ" ಅಂತ ಹಿರಿಯರು ಹೇಳುತ್ತಾರೆ. ಹೊಟ್ಟೆಯಲ್ಲಿ ಮಡಚಿಕೊಂಡಿದ್ದ ಕಾಲು ಹುಟ್ಟಿದಾಗ ಸ್ವಲ್ಪ ಬಾಗಿರುವುದು ಸಹಜ. ನಡೆಯಲು ಶುರು ಮಾಡಿ, ಮಗುವಿಗೆ ಎರಡು ವರ್ಷ ತುಂಬುವಷ್ಟರಲ್ಲಿ ಸಾಮಾನ್ಯವಾಗಿ ತಾನೇ ನೆಟ್ಟಗಾಗುತ್ತದೆ. ಅದನ್ನು ಜೋಡಿಸಿ ಬಿಗಿದರೆ ತೊಡೆ ಮೂಳೆಯ ಗುಂಡು ಸೊಂಟದ ಕುಳಿಯಲ್ಲಿ ಸರಿಯಾಗಿ ಕೂರದೆ ಜಾರುವ ಅಪಾಯ ಇದೆ. ಕೀಲು ಆಗ ಇನ್ನೂ ಮೃದುವಾಗಿರುತ್ತದೆ. ಜಪಾನಿನಲ್ಲಿ ಮಕ್ಕಳ ಕಾಲು ಚಾಚಿ ಸುತ್ತುವ ರೂಢಿ ಇತ್ತು. 1970ರ ದಶಕದಲ್ಲಿ ಅದನ್ನು ಬಿಡಿಸಲು ದೇಶದ ತುಂಬ ತಿಳಿವಳಿಕೆ ಕೊಟ್ಟ ಮೇಲೆ ಸೊಂಟದ ಕೀಲು ಜಾರುವ ಮಕ್ಕಳ ಸಂಖ್ಯೆ ತುಂಬಾ ಇಳಿಯಿತು. ನಮ್ಮಲ್ಲಿ ಮಗು ಕುತ್ತಿಗೆ ನಿಲ್ಲಿಸಿದ ಮೇಲೆ ಕಾಲು ಅಗಲಿಸಿ ಸೊಂಟದ ಮೇಲೆ ಕೂರಿಸಿಕೊಳ್ಳುತ್ತಾರಲ್ಲ, ಅದು ಕೀಲಿಗೆ ಬಹಳ ಒಳ್ಳೆಯದು. ವಾದ ಮಾಡುವ ಅಜ್ಜಿಗೆ ಇದನ್ನೇ ಹೇಳಿ ನೋಡಿ: "ಎತ್ತಿಕೊಳ್ಳುವಾಗ ಕಾಲು ಹೇಗಿರುತ್ತೋ, ಸುತ್ತಿದಾಗಲೂ ಹಾಗೇ ಇರಲಿ ಅಜ್ಜಿ." ಹೀಗೆ ಹೇಳಿದಾಗ ಒಪ್ಪಿಕೊಂಡ ಅಜ್ಜಿಯಂದಿರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸುತ್ತಿದ ಮಗುವನ್ನು ಯಾವಾಗಲೂ ಅಂಗಾತ ಮಲಗಿಸಿ. ಪಕ್ಕಕ್ಕೂ ಬೇಡ, ಬೋರಲು ಅಂತೂ ಬೇಡವೇ ಬೇಡ. ತಲೆಯಡಿ ರಾಗಿ ದಿಂಬು, ಸಾಸಿವೆ ದಿಂಬು ಇಡಬೇಡಿ. ಮೇಲೆ ಇನ್ನೊಂದು ರಗ್ಗು ಹೊದಿಸಬೇಡಿ. ಮಲೆನಾಡಿನ ಮಳೆಗಾಲಕ್ಕೂ ಮಂಗಳೂರಿನ ಏಪ್ರಿಲ್‌ಗೂ ಒಂದೇ ಲೆಕ್ಕ ಅಲ್ಲ, ಅಲ್ವಾ? ಸೆಖೆಯಲ್ಲಿ ಒಂದು ತೆಳು ಬಟ್ಟೆ ಸಾಕು. ಕತ್ತಿನ ಹಿಂಭಾಗ ಮುಟ್ಟಿ ನೋಡಿ, ಬೆವರಿದ್ದರೆ ಬಿಚ್ಚಿ.

ದಿನವಿಡೀ ಕಟ್ಟಿ ಇಡುವುದೂ ಸರಿಯಲ್ಲ. ಹಸಿದ ಮಗು ಮೊದಲು ಕೈಯನ್ನು ಬಾಯಿಗೆ ತರುತ್ತದೆ, ತುಟಿ ಚಪ್ಪರಿಸುತ್ತದೆ. ಅಳು ಬರುವುದು ಆಮೇಲೆ. ಕೈ ಸದಾ ಬಟ್ಟೆಯೊಳಗೇ ಇದ್ದರೆ ಆ ಸೂಚನೆ ತಾಯಿಗೆ ಕಾಣುವುದೇ ಇಲ್ಲ. ನಿದ್ದೆಗೆ ಸುತ್ತಿ, ಎದ್ದಾಗ ಬಿಚ್ಚಿ, ಹಾಲು ಕೊಡುವಾಗ ಕೈ ಬಿಡಿ. ಮಗು ಮಗುಚಲು ನೋಡುತ್ತಿದೆ ಅನ್ನಿಸಿದ ದಿನವೇ ಸುತ್ತುವುದನ್ನು ಪೂರ್ತಿ ನಿಲ್ಲಿಸಿ. ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗೆ, ಕೆಲವು ಮಕ್ಕಳು ಅದಕ್ಕೂ ಮೊದಲೇ ಶುರು ಮಾಡುತ್ತವೆ. ಸುತ್ತಿದ ಮಗು ಬೋರಲಾದರೆ ಮುಖ ಎತ್ತಿಕೊಳ್ಳಲು ಕೈ ಸಿಗುವುದಿಲ್ಲ.

ಎರಡೂವರೆ ಕೆಜಿಗಿಂತ ಕಡಿಮೆ ತೂಕದ ಮಗುವಾದರೆ ನನ್ನ ಉತ್ತರ ಬೇರೆ. ಅದಕ್ಕೆ ಸ್ನಾನದ ಆತುರವೇ ಬೇಡ. ಆರೋಗ್ಯವಾಗಿರುವ ಮಗುವಿಗೂ ಹುಟ್ಟಿ 24 ಗಂಟೆ ಆಗುವವರೆಗೆ ಸ್ನಾನ ಬೇಡ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಣ್ಣ ಕೂಸಿಗೆ ಬಟ್ಟೆಗಿಂತ ತಾಯಿಯ ಎದೆಯೇ ಒಳ್ಳೆಯದು. ಬರಿಮೈ ಮಗುವನ್ನು ಎದೆಗೆ ನೇರವಾಗಿ ಒರಗಿಸಿ, ಮೇಲೆ ಬಟ್ಟೆ ಕಟ್ಟಿಕೊಳ್ಳುವ ಈ ಕಾಂಗರೂ ಪದ್ಧತಿ 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾಯಿತು. ಇಂದು ನಮ್ಮ ಆಸ್ಪತ್ರೆಗಳಲ್ಲೂ ಕಲಿಸುತ್ತೇವೆ. ಅಪ್ಪ, ಅಜ್ಜಿ ಯಾರು ಬೇಕಾದರೂ ಮಾಡಬಹುದು.

ಒಣಗಿಸಿ, ಸುತ್ತಿ, ಹಾಲು ಕೊಟ್ಟರೂ ಅಳು ನಿಲ್ಲದಿದ್ದರೆ? ಬಿಚ್ಚಿ ನೋಡಿ. ಕಾಲ್ಬೆರಳಿಗೆ ಕೂದಲೋ ನೂಲೋ ಸುತ್ತಿಕೊಂಡಿದೆಯಾ, ನ್ಯಾಪಿ ಒದ್ದೆಯಾಗಿದೆಯಾ ಅಂತ ಪರೀಕ್ಷಿಸಿ. ಮಗು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಉಸಿರಾಡುವಾಗ ಎದೆ ಒಳಕ್ಕೆ ಎಳೆದರೆ, ಜ್ವರ 100.4 ಡಿಗ್ರಿ ಮುಟ್ಟಿದರೆ, ಅಥವಾ ಬೆಚ್ಚಗೆ ಸುತ್ತಿದ ಮೇಲೂ ಹೊಟ್ಟೆ ತಣ್ಣಗೇ ಇದ್ದರೆ ಯಾರನ್ನೂ ಕೇಳುತ್ತಾ ಕೂರಬೇಡಿ. ನನಗೆ ಫೋನ್ ಮಾಡುವುದೂ ಬೇಡ. ರಾತ್ರಿಯಾದರೂ ಸರಿ, ನೇರವಾಗಿ ಆಸ್ಪತ್ರೆಗೆ ಬನ್ನಿ.