ಇಲ್ಲ, ನನ್ನ ಓಲೆ ಕಳೆದಿಲ್ಲ

"ಮೇಡಂ, ಯಾಕಿಷ್ಟು ನಿಧಾನ? ಕಾಲಿಗೇನಾದ್ರೂ ಆಗಿದೆಯಾ?" ತುಮಕೂರಿನ ಅಮಾನಿಕೆರೆಯಲ್ಲಿ ಬೆಳಗಿನ ಹೊತ್ತು ನನ್ನನ್ನು ದಾಟಿ ಹೋಗುವವರೆಲ್ಲ ಒಂದಲ್ಲ ಒಂದು ದಿನ ಕೇಳಿಯೇ ತೀರುವ ಪ್ರಶ್ನೆ ಇದು. ಉತ್ತರ ಹೇಳಿ ಹೇಳಿ ಸಾಕಾಗಿದೆ. ನಾನು ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಕೇಳಿದವರು ತಿರುವು ದಾಟಿರುತ್ತಾರೆ. ಆದ್ದರಿಂದ ಬರೆದೇ ಬಿಡುತ್ತಿದ್ದೇನೆ. ನನ್ನ ಕಾಲಿಗೆ ಏನೂ ಆಗಿಲ್ಲ. ನಡೆಯುವಾಗ ಕಾಲು ಎಲ್ಲಿ ಬಿಗಿಯುತ್ತದೆ, ಎಲ್ಲಿ ಸಡಿಲಾಗುತ್ತದೆ ಎಂದು ಗಮನಿಸುತ್ತಾ ನಡೆಯುತ್ತೇನೆ, ಅಷ್ಟೇ.

ಈ "ಅಷ್ಟೇ" ಯಾರಿಗೂ ಸಾಲುವುದಿಲ್ಲ. ಕಳೆದ ಕಾರ್ತಿಕದಲ್ಲಿ ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಬಲ ಹಿಮ್ಮಡಿ ನೆಲಕ್ಕೆ ಹೇಗೆ ಇಳಿಯುತ್ತಿದೆ ಎಂದು ತಲೆ ತಗ್ಗಿಸಿ ನೋಡುತ್ತಿದ್ದೆ. ಯಜಮಾನರೊಬ್ಬರು ಹತ್ತಿರ ಬಂದು, "ಏನ್ ಕಳ್ಕೊಂಡ್ರಮ್ಮ, ಓಲೆನಾ?" ಎಂದು ಕೇಳಿದವರೇ, ನಾನು ಬಾಯಿ ತೆರೆಯುವ ಮೊದಲೇ ಮೊಬೈಲಿನ ಟಾರ್ಚು ಹಾಕಿದರು. ಅವರ ಹಿಂದೆ ಬರುತ್ತಿದ್ದ ಇಬ್ಬರು ಹೆಂಗಸರು ಹುಲ್ಲಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ತಡಕಾಡತೊಡಗಿದರು. "ಬಿಳಿ ಹರಳೋ, ಕೆಂಪೋ?" ಎಂದು ಒಬ್ಬರು ವಿಚಾರಿಸಿದರು. ಎರಡೂ ಓಲೆಗಳು ಚಳಿಗೆ ಹೊದ್ದಿದ್ದ ಶಾಲಿನೊಳಗೆ ನನ್ನ ಕಿವಿಯಲ್ಲಿಯೇ ಇದ್ದವು. ಹಿಮ್ಮಡಿಯನ್ನು ನೋಡುತ್ತಿದ್ದೆ ಎಂದು ಹೇಳುವ ಧೈರ್ಯ ಬಾರದೆ "ಸಿಕ್ತು ಬಿಡಿ" ಎಂದು ಸುಳ್ಳು ಹೇಳಿ, ಯಾರೂ ನಿಧಾನ ಎನ್ನಲಾಗದ ವೇಗದಲ್ಲಿ ಮನೆ ಸೇರಿದೆ. ಎರಡು ದಿನ ಮೀನಖಂಡ ಹುರಿ ಹೊಸೆದ ಹಗ್ಗದಂತಿತ್ತು. ಅಂದಿನಿಂದ ತಲೆ ಎತ್ತಿಕೊಂಡೇ ಗಮನಿಸುತ್ತೇನೆ. ಪಾದದ ಸುದ್ದಿ ತಿಳಿಯಲು ಕಣ್ಣು ಬೇಕಿಲ್ಲ.

"ಹತ್ತು ಸಾವಿರ ಹೆಜ್ಜೆ ಆಗುತ್ತಾ?" ಎಂದು ಕೇಳುವವರಿಗೆ ಒಂದೇ ಮಾತು. ಆ ಸಂಖ್ಯೆ ಹಬ್ಬಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ, ಹೆಜ್ಜೆ ಎಣಿಸುವ ಉಪಕರಣವೊಂದರ ಹೆಸರಿನಿಂದ. ವೈದ್ಯರು ಬರೆದುಕೊಟ್ಟ ಚೀಟಿಯಿಂದಲ್ಲ.

ನಿಜಕ್ಕೂ ಕೇಳಬೇಕಾದದ್ದು, ಯಾವ ಕಾಲು ಬಿಗಿ, ಯಾಕೆ ಬಿಗಿ ಎಂದು. ಇದನ್ನು ಇದುವರೆಗೆ ಕೇಳಿದವರು ಒಬ್ಬರೇ, ಚಪ್ಪಲಿ ಹೊಲಿಯುವವರು. ನನ್ನ ಜೋಡನ್ನು ತಿರುಗಿಸಿ ಹಿಡಿದು, "ಬಲಗಡೇದು ಹಿಮ್ಮಡಿ ಪೂರಾ ಸವೆದೋಗೈತೆ, ಎಡಗಡೇದು ಹೊಸದಿದ್ದಂಗೈತೆ, ಯಾಕಮ್ಮ?" ಎಂದರು. ಮೂವತ್ತೊಂದು ವರ್ಷ ಕಪ್ಪು ಹಲಗೆಯ ಮುಂದೆ ಮೈಭಾರವನ್ನೆಲ್ಲ ಬಲಗಾಲಿಗೆ ಹಾಕಿ, ಮಂಡಿಯನ್ನು ಹಿಂದಕ್ಕೆ ಒತ್ತಿ ನಿಂತು ಪಾಠ ಮಾಡಿದವಳು ನಾನು. ನಿವೃತ್ತಿಯಾದ ಸುದ್ದಿ ಆ ಕಾಲಿಗೆ ಇನ್ನೂ ತಲುಪಿರಲಿಲ್ಲ.

ನಡೆಯುವಾಗ ಒಂದೊಂದು ಪಾದವೂ ಸುಮಾರು ಶೇ. 60ರಷ್ಟು ಹೊತ್ತು ನೆಲದ ಮೇಲಿರುತ್ತದೆ, ಉಳಿದ ಶೇ. 40ರಷ್ಟು ಹೊತ್ತು ಗಾಳಿಯಲ್ಲಿ. ಗಾಳಿಯಲ್ಲಿರುವಾಗ ಮೀನಖಂಡಕ್ಕೆ ಹೆಚ್ಚು ಕೆಲಸವಿಲ್ಲ, ಅದು ಸಡಿಲವಾಗಬೇಕು. ನನ್ನದು ಆಗುತ್ತಿರಲಿಲ್ಲ. ಕಾರಣ ಹುಡುಕಲು ವಾರಗಳೇ ಹಿಡಿದವು: ಹವಾಯಿ ಚಪ್ಪಲಿ ಜಾರದಿರಲೆಂದು ಬೆರಳುಗಳು ಅದನ್ನು ಸದಾ ಹಿಡಿದುಕೊಂಡಿದ್ದವು. ಬೆರಳು ಮಡಿಸುವ ಉದ್ದನೆಯ ಸ್ನಾಯುಗಳು ಶುರುವಾಗುವುದು ಪಾದದಲ್ಲಲ್ಲ, ಮಂಡಿಯ ಕೆಳಗೆ, ಮೀನಖಂಡದ ಒಳಪದರದಲ್ಲಿ. ಬೆರಳು ಹಿಡಿದಷ್ಟೂ ಹೊತ್ತು ಅಲ್ಲಿಯೂ ಹಿಡಿತ. ಈಗ ಹಿಂದೆ ಪಟ್ಟಿಯಿರುವ ಚಪ್ಪಲಿ ಹಾಕುತ್ತೇನೆ, ಗಿಡ್ಡ ಹೆಜ್ಜೆ ಇಡುತ್ತೇನೆ, ಪಾದ ನೆಲ ಬಿಟ್ಟೊಡನೆ ಬೆರಳು ಬಿಚ್ಚಿದೆಯೇ ಎಂದು ಒಳಗೊಳಗೇ ವಿಚಾರಿಸುತ್ತೇನೆ. ನಿಧಾನಕ್ಕೆ ಕಾರಣ ಈ ವಿಚಾರಣೆ. (ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ಇದೆಲ್ಲ ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.)

ಹೊಸ ಜೋಡನ್ನು ಮೊನ್ನೆ ತಿರುಗಿಸಿ ನೋಡಿದೆ. ಬಲಗಡೆಯ ಹಿಮ್ಮಡಿ ಈಗಲೂ ಸವೆಯುತ್ತಿದೆ, ಆದರೆ ಎಡಗಡೆಯದೂ ಜೊತೆಗೆ ಸವೆಯತೊಡಗಿದೆ.